ಶಂಕರಮ್ಮನ ಎಮ್ಮೆಯ ಹಿಂದೆ ನಿಂತವರು

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ನನ್ನ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಕಿಟಕಿ ಸಾಹೇಬರು’ ಎಂದರೆ ಮಾತ್ರ ಬೆಳಕವಾಡಿ ಕಡೆಯ ಒಂದು ಹಳ್ಳಿಯಲ್ಲಿ ಎಮ್ಮೆಗಳೂ ತಲೆಯೆತ್ತಿ ನೋಡುತ್ತವೆ. ಈ ಬಿರುದು ಹೇಗೆ ಬಂತೆಂದು ಬರೆದಿಡಿ ಎಂದು ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದವರು ಕೇಳಿದ್ದಾರೆ. ಕೇಳಿದ್ದು ಕಲಿಯುವುದಕ್ಕೋ ನಗುವುದಕ್ಕೋ ಎಂದು ನನಗೆ ಅನುಮಾನ. ಎರಡಕ್ಕೂ ಆಗುವಷ್ಟು ಸರಕು ನನ್ನಲ್ಲಿದೆ.

ನಾನು ದುಡಿದದ್ದು ಒಂದು ಖಾಸಗಿ ಹಾಲಿನ ಕಂಪನಿಯಲ್ಲಿ. ಅದರ ಹೆಸರು ಬೇಡ, ಈಗಲೂ ಅವರು ನನಗೆ ದೀಪಾವಳಿಗೆ ಸಿಹಿ ಕಳಿಸುತ್ತಾರೆ. ಹಳ್ಳಿಗಳಲ್ಲಿ ನಮ್ಮ ಹಾಲು ಸಂಗ್ರಹ ಕೇಂದ್ರಗಳಿದ್ದವು. ಜನ ಅವನ್ನು ಡೈರಿ ಎನ್ನುತ್ತಿದ್ದರು. ಬೆಳಿಗ್ಗೆ ಸಂಜೆ ಹಾಲು ತಂದವರ ಕ್ಯಾನಿನಿಂದ ಒಂದಿಷ್ಟು ತೆಗೆದು ಯಂತ್ರಕ್ಕೆ ಹಾಕಿದರೆ ಎಷ್ಟು ಫ್ಯಾಟು ಅಂದರೆ ಕೊಬ್ಬು, ಎಷ್ಟು ಡಿಗ್ರಿ ಅಂದರೆ ಗಟ್ಟಿತನ ಎಂದು ಚೀಟಿ ಬರುತ್ತಿತ್ತು. ಅದೇ ಅಂಕಿ ಮಂಡ್ಯದ ನಮ್ಮ ಕಚೇರಿಯ ಡೇಟಾಬೇಸಿಗೂ ಬಂದು ಬೀಳುತ್ತಿತ್ತು. ಅದಕ್ಕೆ ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ಕ್ವೆರಿ, ಅಂದರೆ ಪ್ರಶ್ನೆ, ಕೇಳಿ ಉತ್ತರ ಹೊರಡಿಸುವುದು ನನ್ನ ಕೆಲಸ. ಹಾಲು ಕರೆಯುವುದು ಇದಕ್ಕಿಂತ ಕಷ್ಟ ಎಂದು ನಿವೃತ್ತಿಯಾದ ಮೇಲೆ ತಿಳಿಯಿತು.

ಮೊದಲು ಹಳೆಯ ಕಾಲದ ಪಾಡು ಹೇಳುತ್ತೇನೆ. ‘ಈ ಮನೆಯ ಹಾಲು ನಿನ್ನೆಗಿಂತ ಇವತ್ತು ತೆಳ್ಳಗಾಗಿದೆಯಾ?’ ಎಂಬುದು ಸಣ್ಣ ಪ್ರಶ್ನೆ. ಆದರೆ ಟೇಬಲ್ ಎಂಬ ಅಂಕಿಪಟ್ಟಿಯ ಒಂದು ಸಾಲಿಗೆ ತನ್ನ ಹಿಂದಿನ ಸಾಲು ಯಾವುದೆಂದು ಗೊತ್ತಿರುವುದಿಲ್ಲ. ಅದಕ್ಕಾಗಿ ನಾನು ಅದೇ ಟೇಬಲ್ಲನ್ನು ಎರಡು ಸಲ ತೆಗೆದುಕೊಂಡು, ಇವತ್ತಿನದಕ್ಕೆ ನಿನ್ನೆಯದನ್ನು ಗಂಟು ಹಾಕುತ್ತಿದ್ದೆ. ಯಾರಾದರೂ ಒಂದು ಹೊತ್ತು ಹಾಲು ಹಾಕದಿದ್ದರೆ ಗಂಟು ಬಿಚ್ಚಿಹೋಗುತ್ತಿತ್ತು. ಅದಕ್ಕೆ ಇನ್ನೊಂದು ತೇಪೆ. ಇಂಥ ಕ್ವೆರಿಯನ್ನು ಓಡಿಸಿಟ್ಟು ಊಟಕ್ಕೆ ಹೋಗಿ, ಮುದ್ದೆ ನುಂಗಿ, ಎಲೆಯಡಿಕೆ ಹಾಕಿಕೊಂಡು ಬಂದರೂ ಅದು ತಿರುಗುತ್ತಲೇ ಇರುತ್ತಿತ್ತು. ನಾನು ಅದನ್ನು ನನ್ನ ಕೆಲಸದ ಘನತೆ ಎಂದುಕೊಂಡಿದ್ದೆ. ಬೇಗ ಮುಗಿಯುವುದು ಕೆಲಸವೇ ಅಲ್ಲ ಎಂದು ಕ್ಯಾಂಟೀನಿನಲ್ಲಿ ಭಾಷಣವನ್ನೂ ಮಾಡುತ್ತಿದ್ದೆ.

ಆಮೇಲೆ ಶಬಾನಾ ಮೇಡಂ ನಮ್ಮ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದರು. ಮಳವಳ್ಳಿ ಪೇಟೆಯವರು, ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರು. ಅವರ ತಂದೆಯದು ಮೋಟಾರು ರಿಪೇರಿ ಅಂಗಡಿ. ನನ್ನ ಉದ್ದನೆಯ ಕ್ವೆರಿಯನ್ನು ಅವರು ಕೆಟ್ಟು ನಿಂತ ಪಂಪನ್ನು ನೋಡುವ ಹಾಗೆ ತಲೆ ಓರೆ ಮಾಡಿ ನೋಡಿದರು.

“ಇಷ್ಟೆಲ್ಲಾ ಯಾಕೆ ಸರ್? ವಿಂಡೋ ಫಂಕ್ಷನ್ ಹಾಕಿ.”

“ನಮ್ಮದು ವಿಂಡೋಸೇ ಮೇಡಂ” ಎಂದೆ, ಗೋಡೆಗೆ ಒರಗಿಸಿದ್ದ ಕಂಪ್ಯೂಟರ್ ತೋರಿಸಿ.

ಅವರು ನಗಲಿಲ್ಲ. ಅದು ಅವರ ದೊಡ್ಡ ಗುಣ. ಕುರ್ಚಿ ಎಳೆದುಕೊಂಡು ವಿವರಿಸಿದರು. ಗ್ರೂಪ್ ಬೈ ಎಂದು ಬರೆದರೆ ಒಂದು ಮನೆಯ ಸಾಲುಗಳೆಲ್ಲ ಕಲಸಿ ಒಂದೇ ಉಂಡೆಯಾಗುತ್ತದೆ. ವಿಂಡೋ ಫಂಕ್ಷನ್ನಿನಲ್ಲಿ ಹಾಗಲ್ಲ, ಪ್ರತಿ ಸಾಲೂ ತನ್ನ ಜಾಗದಲ್ಲೇ ಕೂತು ಕಿಟಕಿ ತೆಗೆದು ಅಕ್ಕಪಕ್ಕದವರನ್ನು ನೋಡುತ್ತದೆ. ಯಾರನ್ನು ನೋಡಬೇಕೆಂದು ಪಾರ್ಟಿಷನ್ ಬೈ ಎಂದು ಬರೆದು ಹೇಳಬೇಕು. ಯಾವ ಕ್ರಮದಲ್ಲಿ ನೋಡಬೇಕೆಂದು ಆರ್ಡರ್ ಬೈ ಎಂದು ಬರೆದು ಹೇಳಬೇಕು. ಅಷ್ಟೆ. ಈ ಎರಡರಲ್ಲಿ ಒಂದನ್ನು ನಾನು ಚೆನ್ನಾಗಿ ಕಲಿತೆ.

ಕಲಿತ ಮೇಲೆ ಕೈ ಸುಮ್ಮನಿರಬೇಕಲ್ಲ. ಬೇಕಾದ ಕಡೆ ಬೇಡದ ಕಡೆ ಕಿಟಕಿ ಕೊರೆದೆ. ಕ್ಯಾಂಟೀನಿನ ಚಹದ ಲೆಕ್ಕಕ್ಕೂ ಕೊರೆದೆ. ಮೊದಲ ಪೆಟ್ಟು ಬಿದ್ದದ್ದು ಮದ್ದೂರಿನ ಒಂದು ಕಲ್ಯಾಣ ಮಂಟಪದಲ್ಲಿ, ಊರವರೆಲ್ಲರ ಎದುರಿಗೆ. ವರ್ಷವಿಡೀ ತಪ್ಪದೆ ಹಾಲು ಹಾಕಿದವರಿಗೆ ಕಂಪನಿ ಬಹುಮಾನ ಕೊಡುವ ಸಮಾರಂಭ. ಪ್ರಥಮಕ್ಕೆ ದೊಡ್ಡ ಸ್ಟೀಲ್ ಕ್ಯಾನು, ದ್ವಿತೀಯಕ್ಕೆ ಸ್ವಲ್ಪ ಚಿಕ್ಕದು, ತೃತೀಯಕ್ಕೆ ಬಕೆಟ್ಟು. ಪಟ್ಟಿ ತಯಾರಿಸಿದ್ದು ನಾನು, ರ್‍ಯಾಂಕ್ ಎಂಬ ಫಂಕ್ಷನ್ ಹಾಕಿ.

ಬೆಳಕವಾಡಿ ಕಡೆಯ ಹಳ್ಳಿಯ ಇಬ್ಬರು ಹೆಂಗಸರು ಸಮ ಬಂದಿದ್ದರು. ಒಬ್ಬರು ಪುಟ್ಟತಾಯಮ್ಮ, ಸೀಮೆ ಹಸು ಸಾಕಿದವರು. ಇನ್ನೊಬ್ಬರು ಪಕ್ಕದ ಮನೆಯ ಶಂಕರಮ್ಮ, ಎಮ್ಮೆಯವರು. ಅವಳು ಹಾಕುತ್ತಾಳಲ್ಲ ಎಂದು ಇವರು, ಇವಳು ಹಾಕುತ್ತಾಳಲ್ಲ ಎಂದು ಅವರು, ಇಬ್ಬರೂ ಒಂದು ಹೊತ್ತೂ ತಪ್ಪಿಸಿರಲಿಲ್ಲ. ರ್‍ಯಾಂಕಿನ ಸ್ವಭಾವ ಏನೆಂದರೆ, ಇಬ್ಬರು ಮೊದಲು ಬಂದರೆ ಎರಡನೆಯ ಸ್ಥಾನವನ್ನು ಹಾರಿ ಮೂರಕ್ಕೆ ಹೋಗುತ್ತದೆ. ನನಗೆ ಅದು ಗೊತ್ತಿರಲಿಲ್ಲ. ನಿರೂಪಕರು “ಈಗ ದ್ವಿತೀಯ ಬಹುಮಾನ” ಎಂದು ಗಟ್ಟಿಯಾಗಿ ಕೂಗಿ, ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಹೆಸರು ಹುಡುಕತೊಡಗಿದರು.

“ಎಲ್ಡ್ನೇದು ಯಾರ್ದ್ಲಾ?” ಎಂದಿತು ಹಿಂದಿನ ಸಾಲು.

“ಎಲ್ಡ್ನೇವ್ನು ಒರಗಡೆ ಓಗವ್ನೆ, ಬತ್ತಾನೆ ತಡೀಲಾ” ಎಂದಿತು ಅದರ ಹಿಂದಿನ ಸಾಲು.

ದೊಡ್ಡ ಕ್ಯಾನು ಇದ್ದದ್ದು ಒಂದೇ, ಅದು ಶಂಕರಮ್ಮನ ಕಂಕುಳು ಸೇರಿತ್ತು. ಮುಖ್ಯ ಅತಿಥಿಗಳು ಜಾಣತನ ಮಾಡಿ ಚಿಕ್ಕ ಕ್ಯಾನನ್ನು ಪುಟ್ಟತಾಯಮ್ಮನ ಕಡೆ ಚಾಚಿದರು. ಆಕೆ ಕೈ ಹಿಂದಕ್ಕೆ ಕಟ್ಟಿಕೊಂಡರು.

“ನಾನೇನ್ ಇವ್ಳಿಗಿಂತ ಒಂದೊತ್ತು ಕಮ್ಮಿ ಆಕಿದ್ದೀನಾ ಸ್ವಾಮಿ? ಎಲ್ಡ್ನೇದು ನಂಗ್ಯಾಕೆ?”

ಮದ್ದೂರಿನ ಪಾತ್ರೆ ಅಂಗಡಿಗೆ ಆಳು ಓಡಿ ಇನ್ನೊಂದು ದೊಡ್ಡ ಕ್ಯಾನು ತರುವವರೆಗೂ ಮುಖ್ಯ ಅತಿಥಿಗಳು ಹಾಲಿನ ಮಹತ್ವದ ಬಗ್ಗೆ ಮಾತಾಡಿದರು. ಚಿಕ್ಕ ಕ್ಯಾನು ಯಾರಿಗೂ ಸೇರದೆ ನನ್ನ ಮೇಜಿನ ಕೆಳಗೆ ಬಂದು ಕೂತಿತು. ಮರುದಿನ ಶಬಾನಾ ಮೇಡಂ ಅದನ್ನು ನೋಡಿ, “ಡೆನ್ಸ್ ರ್‍ಯಾಂಕ್ ಅಂತ ಇನ್ನೊಂದಿದೆ ಸರ್, ಅದು ನಂಬರ್ ಹಾರಲ್ಲ” ಎಂದು ಮಾತ್ರ ಹೇಳಿದರು.

ಈಗ ಬಿರುದಿನ ವಿಷಯಕ್ಕೆ ಬರುತ್ತೇನೆ. ಹಾಲಿಗೆ ನೀರು ಬೆರೆಸುವವರನ್ನು ಕಂಪ್ಯೂಟರಿನಿಂದ ಹಿಡಿಯಬೇಕು ಎಂದು ಕಂಪನಿಗೆ ಮನಸ್ಸಾಯಿತು. ನಾನು ಎದೆ ಮುಂದೆ ಮಾಡಿ ಒಪ್ಪಿಕೊಂಡೆ. ಲ್ಯಾಗ್ ಎಂಬ ಫಂಕ್ಷನ್ ಇದೆ, ಅದು ಕಿಟಕಿಯಿಂದ ಹಿಂದಿನ ಸಾಲಿನ ಅಂಕಿಯನ್ನು ಎತ್ತಿಕೊಡುತ್ತದೆ. ಹಿಂದಿನ ಫ್ಯಾಟಿಗಿಂತ ಇವತ್ತಿನದು ಧುತ್ತನೆ ಇಳಿದರೆ ಅಲ್ಲಿ ನೀರಿದೆ ಎಂದು ಅರ್ಥ. ಪದೇಪದೇ ಇಳಿದರೆ ಡೈರಿಯ ಬೋರ್ಡಿನಲ್ಲಿ ಹೆಸರು, ಆಮೇಲೂ ಇಳಿದರೆ ಅವರ ಹಾಲು ತೆಗೆದುಕೊಳ್ಳುವುದಿಲ್ಲ. ಊಟಕ್ಕೆ ಹೋಗಿ ಬರುವಷ್ಟು ಹೊತ್ತು ತಿರುಗುತ್ತಿದ್ದ ಕೆಲಸ ಈಗ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು. ನನಗೆ ನನ್ನ ಬಗ್ಗೆಯೇ ಗೌರವ ಬಂತು.

ಶಬಾನಾ ಮೇಡಂಗೆ ತೋರಿಸಿದೆ. ಅವರು ಪರದೆಗೆ ಬೆರಳಿಟ್ಟು ಓದಿದರು.

“ಊರಿನ ಮೇಲೆ ಪಾರ್ಟಿಷನ್ ಮಾಡಿದ್ದೀರ, ಸರಿ. ಹಿಂದಿನದು ಅಂದ್ರೆ ಯಾರ ಹಿಂದಿನದು ಸರ್ ಇದು?”

“ಹಿಂದಿನದೇ ಮೇಡಂ. ಹಿಂದೆ ಬಂದದ್ದು.”

ಅವರು ಇನ್ನೇನೋ ಕೇಳಬೇಕು ಎನ್ನುವಷ್ಟರಲ್ಲಿ ಬ್ಲಫ್ ಎಂಬ ಊರಿನ ಕಡೆಯ ಕೇಂದ್ರದಲ್ಲಿ ಯಂತ್ರ ಕೆಟ್ಟಿದೆಯೆಂದು ಫೋನು ಬಂತು, ಎದ್ದು ಹೋದರು. ನಮ್ಮಂಥ ಹಳಬರ ಲೆಕ್ಕದಲ್ಲಿ ಮೇಲಿನವರು ಎದ್ದು ಹೋದರೆ ಒಪ್ಪಿಗೆ ಕೊಟ್ಟರೆಂದೇ ಅರ್ಥ. ನಾನು ಕ್ವೆರಿಯನ್ನು ಜಾರಿಗೆ ತಂದೆ.

ಫಲ ಅದ್ಭುತವಾಗಿತ್ತು. ಹೆಚ್ಚಿನ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಹೆಸರು ಬಂದು ಮರುದಿನ ಮಾಯವಾಗುತ್ತಿತ್ತು. ಒಂದು ಊರಿನಲ್ಲಿ ಮಾತ್ರ ಒಂದೇ ಹೆಸರು, ಬೆಳಿಗ್ಗೆಯೂ ಸಂಜೆಯೂ, ಬಿಡದೆ. ಪುಟ್ಟತಾಯಮ್ಮ. ಕಳ್ಳ ಸಿಕ್ಕಿದ ಖುಷಿಯಲ್ಲಿ ನಾನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹ ಕುಡಿಸಿದೆ. ಈಕೆ ವರ್ಷವಿಡೀ ತಪ್ಪದೆ ಹಾಲು ಹಾಕಿದವರು, ಎರಡನೆಯ ಬಹುಮಾನವನ್ನು ಕೈಯಿಂದ ಮುಟ್ಟದವರು ಎಂಬುದು ನನಗೆ ನೆನಪಿತ್ತು. ನೆನಪಾಗಿ, ‘ನೋಡು, ಮುಖ ನೋಡಿ ಹೇಳುವುದಕ್ಕಾಗುವುದಿಲ್ಲ’ ಎಂದುಕೊಂಡೆ.

ಆಕೆಯ ಹೆಸರು ಬೋರ್ಡಿಗೆ ಹತ್ತಿತು. ಅದಾಗಿ ಕೆಲವು ದಿನಕ್ಕೆ ಶಂಕರಮ್ಮ ಬಸ್ಸು ಹಿಡಿದು ಮಂಡ್ಯಕ್ಕೆ ಬಂದು ನಮ್ಮ ಕಚೇರಿಯ ಬಾಗಿಲಲ್ಲಿ ನಿಂತರು.

“ಯಾವನಪ್ಪ ಅವ್ನು, ಪುಟ್ಟತಾಯಿ ಎಸ್ರು ಬರ್ಸ್ದೋನು?”

ಕಚೇರಿಯವರೆಲ್ಲ ಒಟ್ಟಿಗೆ ನನ್ನ ಕಡೆ ನೋಡಿದರು. ನಾನು ಕಂಪ್ಯೂಟರಿನ ಕಡೆ ನೋಡಿದೆ.

“ನಾನಲ್ಲಮ್ಮ, ಅದು ಕಂಪ್ಯೂಟರ್ ಹೇಳೋದು.”

“ಕಂಪ್ಯೂಟ್ರಿಗೆ ಕಣ್ಣೈತಾ? ನಂಗೈತೆ. ಅವ್ಳು ಆಲ್ ಕರ್ಯಾದು ನಮ್ ಗ್ವಾಡೆ ಮೇಲಿಂದ ಕಾಣ್ತದೆ. ಒಂದ್ ತೊಟ್ಟು ನೀರ್ ಉಯ್ಯಾಕಿಲ್ಲ ಅವ್ಳು.”

“ಅಂಕಿ ಸುಳ್ಳು ಹೇಳಲ್ಲಮ್ಮ.”

ಶಂಕರಮ್ಮನ ದನಿ ತಗ್ಗಿತು. “ಸ್ವಾಮಾರದಿಂದ ಅವ್ಳ್ ಆಲ್ ತಗಳಾಕಿಲ್ವಂತೆ. ಉಣ್ತಾ ಇಲ್ಲ ಕಣಪ್ಪ ಅವ್ಳು. ಸೊಸೆ ಮುಂದೆ ತಲೆ ಎತ್ತಾಕಾಯ್ತಾ ಇಲ್ಲ. ಕಳ್ಳಿ ಅನ್ಸ್ಕಂಡು ಆ ಬೋರ್ಡ್ ಮುಂದೆ ಎಂಗ್ ನಿಂತ್ಕಳ್ಳದು?”

ಅವರು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಗೆಂದು ನನ್ನ ಕ್ವೆರಿಯನ್ನು ಅನುಮಾನಿಸಿದೆ ಎಂದುಕೊಳ್ಳಬೇಡಿ, ನಾನು ಅನುಮಾನಿಸಿದ್ದು ಶಂಕರಮ್ಮನ ಗೋಡೆಯನ್ನು. ಕಣ್ಣಾರೆ ಕಂಡು ಹಿಡಿಯೋಣ ಎಂದು ಬೆಳಗಿನ ಜಾವ ಸ್ಕೂಟರ್ ಹತ್ತಿ ಆ ಹಳ್ಳಿಗೆ ಹೋದೆ. ಪುಟ್ಟತಾಯಮ್ಮನ ಕೊಟ್ಟಿಗೆ ಕಾಣುವ ಹಾಗೆ ಹುಲ್ಲಿನ ಮೆದೆಯ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ನಾಯಿ ಬೊಗಳಿತು. ಇನ್ನೊಂದು ನಾಯಿ ಬೊಗಳಿತು. ಸ್ವಲ್ಪ ಹೊತ್ತಿಗೆ ಮೆದೆಯ ಸುತ್ತ ಊರಿನ ನಾಯಿಗಳೆಲ್ಲ ಸಭೆ ಸೇರಿದವು.

“ಯಾರ್ಲಾ ಅದು ಮೆದೆ ಇಂದೆ?” ಪುಟ್ಟತಾಯಮ್ಮನ ದನಿ.

“ನಾನಮ್ಮ... ಕಂಪ್ಯೂಟರಿನವನು.”

“ಕಂಪ್ಯೂಟ್ರು ಮೆದೆ ಇಂದೆ ಏನ್ ಮಾಡ್ತಾ ಐತೆ?”

ನಾನು ಮೈಮೇಲಿನ ಹುಲ್ಲು ಕೊಡವಿಕೊಂಡು ಎದ್ದೆ. ಆಕೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ಊದಿತ್ತು, ಮುಖ ಇಳಿದಿತ್ತು. ಒಂದು ಮಣೆ ತಂದು ಹಸುವಿನ ಪಕ್ಕದಲ್ಲೇ ಹಾಕಿದರು.

“ಕುಂತ್ಕಳಿ. ಕಣ್ ಬುಟ್ಕಂಡ್ ನೋಡಿ.”

ಕೂತು ನೋಡಿದೆ. ಕೆಚ್ಚಲು ತೊಳೆದರು, ಕೈ ಒರೆಸಿಕೊಂಡರು, ಕರೆದರು, ಬಹುಮಾನದ ದೊಡ್ಡ ಕ್ಯಾನಿಗೆ ಸೋಸಿ ಮುಚ್ಚಳ ಹಾಕಿದರು. ನೀರಿನ ಬಿಂದಿಗೆ ಇದ್ದದ್ದು ಅಂಗಳದ ಆ ಮೂಲೆಯಲ್ಲಿ. ಕ್ಯಾನು ಎತ್ತಿಕೊಂಡು ಹೊರಟವರ ಹಿಂದೆಯೇ ನಾನೂ ಹೊರಟೆ. ನನ್ನ ಹಿಂದೆ ನಾಯಿಗಳು.

ಆ ಡೈರಿಯಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿ ಹೆಂಗಸರು ಸಾಲಿನಲ್ಲಿ ನಿಲ್ಲುವುದಿಲ್ಲ, ಕ್ಯಾನುಗಳು ನಿಲ್ಲುತ್ತವೆ. ಗೋಡೆಯ ಉದ್ದಕ್ಕೂ ಕಲ್ಲು ಚಪ್ಪಡಿ ಹಾಸಿದೆ, ಡೈರಿ ಶುರುವಾದಾಗ ಯಾರ ಕ್ಯಾನು ಎಲ್ಲಿ ಕೂತಿತ್ತೋ ಇಂದಿಗೂ ಅಲ್ಲೇ. ಮುಂದಿನ ಕಲ್ಲಿನವರು ಬರುವವರೆಗೂ ಹಿಂದಿನವರು ಹಾಲು ಅಳೆಸುವುದಿಲ್ಲ. ಈ ಜಾಗಗಳಿಗಾಗಿ ಹಿಂದೆ ಜಗಳವಾಗಿ, ರಾಜಿಯಾಗಿ, ಈಗ ಅತ್ತೆಯ ಕಲ್ಲು ಸೊಸೆಗೆ ಬರುವಷ್ಟು ಪದ್ಧತಿ ಗಟ್ಟಿಯಾಗಿತ್ತು. ಪುಟ್ಟತಾಯಮ್ಮ ತಮ್ಮ ಕಲ್ಲಿನ ಮೇಲೆ ಕ್ಯಾನು ಇಟ್ಟರು, ಶಂಕರಮ್ಮನ ಕ್ಯಾನಿನ ಹಿಂದೆ. ಜಗಲಿಯ ಮೇಲೆ ಮಾತಾಡುತ್ತಿದ್ದ ಹೆಂಗಸರು ಆಕೆಯನ್ನು ಕಂಡು ಮಾತು ಬದಲಿಸಿದರು. ಬೋರ್ಡು ಅವರ ತಲೆಯ ಮೇಲೇ ಇತ್ತು.

ಹಾಲು ಪರೀಕ್ಷೆ ಮಾಡುವ ಸಿದ್ದರಾಜು ಒಳಗಿಂದ ಕೂಗತೊಡಗಿದ.

“ಶಂಕರಮ್ಮೋರು, ಫ್ಯಾಟು ಏಳೂವರೆ. ಪುಟ್ಟತಾಯಮ್ಮೋರು, ನಾಕು.”

ನಾನು ಮೊಬೈಲಿನಲ್ಲಿ ನನ್ನ ವರದಿ ತೆರೆದೆ. ಪುಟ್ಟತಾಯಮ್ಮ, ಇಳಿಕೆ ಮೂರೂವರೆ. ಏಳೂವರೆಯಲ್ಲಿ ನಾಲ್ಕು ಕಳೆದರೆ ಮೂರೂವರೆ. ಪ್ರೈಮರಿ ಸ್ಕೂಲಿನ ಲೆಕ್ಕ. ಎಮ್ಮೆಯ ಹಾಲಿಗೂ ಹಸುವಿನ ಹಾಲಿಗೂ ಇರುವ ವ್ಯತ್ಯಾಸ.

ನಾನು ಊರಿನ ಮೇಲೆ ಪಾರ್ಟಿಷನ್ ಮಾಡಿದ್ದೆ, ಊರಿನೊಳಗೆ ಹಾಲು ಹಾಕುವವರ ಮೇಲೆ ಮಾಡಿರಲಿಲ್ಲ. ಹೀಗಾಗಿ ಪ್ರತಿಯೊಬ್ಬರ ಹಾಲನ್ನೂ ಅವರದೇ ನಿನ್ನೆಯ ಹಾಲಿನ ಜೊತೆಗಲ್ಲ, ಸಾಲಿನಲ್ಲಿ ಅವರ ಮುಂದಿದ್ದವರ ಹಾಲಿನ ಜೊತೆ ನನ್ನ ಕ್ವೆರಿ ಹೋಲಿಸುತ್ತಿತ್ತು. ಬೇರೆ ಊರುಗಳಲ್ಲಿ ಸಾಲು ದಿನಾ ಹಿಂದುಮುಂದಾಗುವುದರಿಂದ ತಪ್ಪು ಎಲ್ಲರಿಗೂ ಚೂರುಚೂರು ಹಂಚಿಹೋಗಿತ್ತು. ಈ ಊರಿನಲ್ಲಿ ಮಾತ್ರ ಡೈರಿಗೆ ಎಮ್ಮೆ ಹಾಲು ತರುವವರು ಶಂಕರಮ್ಮ ಒಬ್ಬರೇ, ಅವರ ಹಿಂದಿನ ಕಲ್ಲು ಯಾವಾಗಲೂ ಪುಟ್ಟತಾಯಮ್ಮನದೇ. ನನ್ನ ವರದಿ ಎಷ್ಟು ಇಳಿಯಿತೆಂದು ಹೇಳುತ್ತಿತ್ತು, ಯಾರದಕ್ಕಿಂತ ಇಳಿಯಿತೆಂದು ಹೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ. ಆವರೆಗೆ ನನ್ನ ಎಡವಟ್ಟುಗಳೆಲ್ಲ ನನಗೇ ನಗು ತರಿಸಿದ್ದವು. ಇದು ತರಿಸಲಿಲ್ಲ.

ಶಬಾನಾ ಮೇಡಂಗೆ ಅಲ್ಲಿಂದಲೇ ಫೋನು ಮಾಡಿ ಹೇಳಿದೆ.

“ಅವತ್ತು ಅದನ್ನೇ ಕೇಳೋಕೆ ಹೊರಟಿದ್ದೆ ಸರ್. ಎದ್ದು ಹೋದೆ, ನನ್ನ ತಪ್ಪೂ ಇದೆ. ಕ್ವೆರಿ ನಾನು ನಿಲ್ಲಿಸ್ತೀನಿ. ನೀವು ಬೋರ್ಡು ನೋಡಿಕೊಳ್ಳಿ.”

ಕರವಸ್ತ್ರ ತೆಗೆದು ಸದ್ದಿಲ್ಲದೆ ಬೋರ್ಡು ಒರೆಸಿದೆ. ಒರೆಸಿ ಹಾಗೇ ಸ್ಕೂಟರಿನ ಕಡೆ ಜಾರಿಕೊಳ್ಳುವ ಆಲೋಚನೆ ಇತ್ತು. ಪುಟ್ಟತಾಯಮ್ಮ ದಾರಿಗೆ ಅಡ್ಡ ನಿಂತರು.

“ಬರ್ದಾಗ ಎಲ್ಲಾರೂ ಓದುದ್ರು. ಅಳ್ಸಾಗ ಯಾರೂ ನೋಡ್ನಿಲ್ಲ ಅಂದ್ರೆ ಎಂಗೆ ಸ್ವಾಮಿ? ಬಾಯ್ ಬುಟ್ಟು ಏಳಿ.”

ಹೇಳಿದೆ. ಜಗಲಿಯ ಹೆಂಗಸರು, ಸಿದ್ದರಾಜು, ನಾಯಿಗಳು, ಎಲ್ಲರ ಮುಂದೆ. ಪಾರ್ಟಿಷನ್ ಎಂದರೆ ಅವರಿಗೆ ತಿಳಿಯುವುದಿಲ್ಲವೆಂದು ಕ್ಯಾನುಗಳನ್ನೇ ತೋರಿಸಿ ಹೇಳಿದೆ. ಒಬ್ಬೊಬ್ಬರೂ ತಂತಮ್ಮ ಮನೆಯ ಕಿಟಕಿಯಲ್ಲಿ ತಮ್ಮ ನಿನ್ನೆಯ ಹಾಲನ್ನು ನೋಡಿಕೊಳ್ಳಬೇಕಿತ್ತು, ನಾನು ಎಲ್ಲರಿಗೂ ಪಕ್ಕದ ಮನೆಗೆ ಕಿಟಕಿ ಇಟ್ಟುಬಿಟ್ಟೆ ಎಂದೆ.

“ಅಂದ್ರೆ ನಮ್ ಎಮ್ಮೆ ಪಕ್ಕ ಅವ್ಳ್ ಅಸ ನಿಲ್ಸಿ, ನಿಂಗ್ಯಾಕ್ ಇಂತಾ ಆಲಿಲ್ಲ ಅಂತ ಅಸಕ್ಕೆ ಬೈದಿದ್ದೀರ” ಎಂದರು ಶಂಕರಮ್ಮ.

“ಹೌದಮ್ಮ. ಪುಟ್ಟತಾಯಮ್ಮ ಯಾವತ್ತೂ ನೀರು ಬೆರೆಸಿಲ್ಲ. ತಪ್ಪು ನನ್ನದು.”

“ಇನ್ನೊಂದ್ ಸಲ ಏಳಿ, ಗಟ್ಟಿಗೆ” ಎಂದರು ಪುಟ್ಟತಾಯಮ್ಮ. ಗಟ್ಟಿಯಾಗಿ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಶಂಕರಮ್ಮನ ಪಕ್ಕ ಜಗಲಿಯ ಮೇಲೆ ಹೋಗಿ ಕೂತರು. ಯಾರೋ “ಕಿಟ್ಕಿ ಸಾಯೇಬ್ರು” ಎಂದರು, ಎಲ್ಲರೂ ನಕ್ಕರು. ಪುಟ್ಟತಾಯಮ್ಮನೂ ನಕ್ಕರು. ನನಗೆ ಜೀವ ಬಂತು.

ಮುಂದಿನ ವಾರ ಮೇಜಿನ ಕೆಳಗಿನ ಆ ಚಿಕ್ಕ ಕ್ಯಾನನ್ನು ಒರೆಸಿ, ಕಾಣಿಕೆಯ ಹಾಗೆ ಹಿಡಿದುಕೊಂಡು ಆಕೆಯ ಮನೆಗೆ ಹೋದೆ. ಆಕೆ ಅದನ್ನು ತಿರುಗಿಸಿ ತಳ ನೋಡಿ ವಾಪಸು ಕೊಟ್ಟರು.

“ಇದು ಎಲ್ಡ್ನೇದಲ್ವಾ? ನೀವೇ ಮಡೀಕಳಿ.”

ಹೊಸಬರೇ, ಈಗ ಈ ಕ್ವೆರಿಗಳನ್ನು ನೀವು ಬರೆಯುವುದೂ ಇಲ್ಲ, ಕೇಳಿದರೆ ಯಂತ್ರವೇ ಬರೆದುಕೊಡುತ್ತದಂತೆ. ಒಳ್ಳೆಯದೇ. ನನ್ನ ಹಾಗೆ ತೇಪೆ ಹಾಕುವ ಗೋಳು ನಿಮಗಿಲ್ಲ. ಆದರೆ ಅದು ಬರೆದುಕೊಟ್ಟಾಗಲೂ ಶಬಾನಾ ಮೇಡಂ ಕೇಳಿದ ಪ್ರಶ್ನೆಯನ್ನೇ ಕೇಳಿ: ಯಾರ ಹಿಂದಿನದು? ಉತ್ತರ ಸಿಗುವವರೆಗೂ ಎದ್ದು ಹೋಗಬೇಡಿ, ಫೋನು ಬಂದರೂ.

ನಿವೃತ್ತಿಯಾದ ಮೇಲೆ ಬೆಳಕವಾಡಿ ಹತ್ತಿರದ ನಮ್ಮ ಪಾಲಿನ ತುಂಡು ಜಮೀನಿನಲ್ಲಿ ಮನೆ ಕಟ್ಟಿಕೊಂಡು ಒಂದು ಹಸು ತಂದೆ. ಹಸು ನನ್ನನ್ನು ಒದೆಯುತ್ತದೆ, ಹೆಂಡತಿಗೆ ಮಾತ್ರ ಹಾಲು ಕೊಡುತ್ತದೆ. ನನ್ನ ಪಾಲಿಗೆ ಉಳಿದದ್ದು ಹಾಲನ್ನು ಡೈರಿಗೆ ಹೊರುವ ಕೆಲಸ, ಹತ್ತಿರದ ಡೈರಿ ಅದೇ. ಮೊದಲ ದಿನ ಆ ಎರಡನೆಯ ಬಹುಮಾನದ ಕ್ಯಾನು ಹಿಡಿದು, ಎಲ್ಲಿಡಬೇಕೆಂದು ತಿಳಿಯದೆ ಚಪ್ಪಡಿಗಳ ಕೊನೆಯಲ್ಲಿ ನಿಂತೆ. ಪುಟ್ಟತಾಯಮ್ಮ ಜಗಲಿಯಿಂದ ಎದ್ದು ಬಂದು, ಯಾರನ್ನೂ ಕೇಳದೆ ತಮ್ಮ ಕ್ಯಾನನ್ನು ಒಂದು ಕಲ್ಲು ಹಿಂದಕ್ಕೆ ಸರಿಸಿದರು. ಅವರ ಹಿಂದಿನವರೆಲ್ಲ ಗೊಣಗುತ್ತಾ ಒಂದೊಂದು ಕಲ್ಲು ಸರಿಸಿದರು.

“ಇಲ್ಲಿಡಿ” ಎಂದರು. ಶಂಕರಮ್ಮನ ಎಮ್ಮೆಯ ಹಿಂದಿನ ಕಲ್ಲು.

ಮಂಡ್ಯದ ನನ್ನ ಕುರ್ಚಿಯಲ್ಲಿ ಈಗ ನಿಮ್ಮಲ್ಲಿ ಯಾರು ಕೂತಿದ್ದೀರೋ, ಕ್ವೆರಿಯನ್ನು ಯಾರು ತಿದ್ದಿದ್ದೀರೋ ನನಗೆ ಗೊತ್ತಿಲ್ಲ. ಸಿದ್ದರಾಜು ಒಳಗಿಂದ “ಶಂಕರಮ್ಮೋರು, ಏಳೂವರೆ” ಎಂದ ಕೂಡಲೇ ಜಗಲಿಯಿಂದ ಎದ್ದು ನಿಲ್ಲುತ್ತೇನೆ. ನನ್ನ ಚೀಟಿ ಬಂದರೆ ಕನ್ನಡಕ ಏರಿಸಿ ಎರಡೆರಡು ಸಲ ಓದುತ್ತೇನೆ, ಆಮೇಲೆ ಕಳ್ಳನ ಹಾಗೆ ಬೋರ್ಡಿನ ಕಡೆ ನೋಡುತ್ತೇನೆ. ಮೊನ್ನೆ ಹೀಗೆ ನೋಡುತ್ತಿದ್ದಾಗ ಪುಟ್ಟತಾಯಮ್ಮ ಹಿಂದಿನಿಂದ ಹೇಳಿದರು:

“ಎದ್ರುಕೋಬ್ಯಾಡಿ ಸ್ವಾಮಿ. ನಿಮ್ಮೆಸ್ರು ಅಲ್ಲಿ ಬರುದ್ರೆ ನಾನು ಬಸ್ಸತ್ಕಂಡು ಮಂಡ್ಯಕ್ಕೋಗಿ ಏಳ್ತೀನಿ, ಇವ್ರು ನೀರ್ ಉಯ್ಯೋರಲ್ಲ ಅಂತ.”